ಮೋಹಿತ ಯಾರ ಮನೆ ಮಾಣಿ?

“ಮೋಹಿತನಾ? ಯಾರ ಮನೆ ಮಾಣಿಯೋ ಅದು?”

ಆಯಿ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಹಲಸಿನಕಾಯಿ ಬಿಡಿಸುತ್ತಿದ್ದಳು. ನಾಳೆ ಹಪ್ಪಳ ತಟ್ಟಲು ಬಂದವರಿಗೆಲ್ಲ ನಾನೇ ಮೊಹಿತೊ ಮಾಡಿಕೊಡುತ್ತೇನೆ ಎಂದಿದ್ದೆ, ಅಷ್ಟೆ. ಅದು ಮಾಣಿಯಲ್ಲ, ಕುಡಿಯುವ ವಸ್ತು, ಕ್ಯೂಬಾ ದೇಶದ್ದು, ಪುದೀನಾ ಲಿಂಬು ಹಾಕಿ ಮಾಡ್ತಾರೆ ಎಂದು ವಿವರಿಸಿದೆ. ಹೋಟೆಲಿನವರು ಮೊಜಿಟೊ ಅಂತಾರಲ್ಲ, ಅದೇ. ಸ್ಪ್ಯಾನಿಷ್‌ನವರು ಜೆ ಅಂತ ಬರೆದು ಹ ಅಂತ ಓದುತ್ತಾರೆ.

“ಬರೆಯೋದೊಂದು, ಓದೋದೊಂದು. ಕುಡಿಯಲಾದ್ರೂ ಆಗ್ತಾ ಅದು?” ಎಂದಳು.

ಶಿರಸಿ ಸೀಮೆಯ ನಮ್ಮ ಮನೆಗಳಲ್ಲಿ ಬಂದವರು ಚಪ್ಪಲಿ ಬಿಡುವ ಮೊದಲೇ ಕೇಳುವ ಮಾತು ಒಂದೇ: “ಆಸರಿಗೆ ಎಂತ ಆಗ್ತು?” ಮಜ್ಜಿಗೆ, ಬೆಲ್ಲ ನೀರು, ಮುರುಗಲು ಪಾನಕ, ಎಳ್ಳುನೀರು, ಚಾ, ಕಷಾಯ. ಇಷ್ಟಿರುವಾಗ ಹೊಸದೊಂದನ್ನು ತಂದು ಸೇರಿಸುವ ಚಟ ನನಗೆ ಹತ್ತಿದ್ದು ಕಾರವಾರದ ದೋಸ್ತನಿಂದ. ಹೋದ ಚಳಿಗಾಲದಲ್ಲಿ ಮಾಜಾಳಿ ಗೇಟು ದಾಟಿಸಿ ನನ್ನನ್ನು ಗೋವಾದ ಪಾಳೊಳೆಗೆ ಕರೆದುಕೊಂಡು ಹೋಗಿದ್ದ. ಸಮುದ್ರದ ಎದುರಿಗೆ ಕುರ್ಚಿ, ಎತ್ತರದ ಗ್ಲಾಸು, ಒಳಗೆ ಐಸು, ಹಸಿರು ಎಲೆ, ಸಣ್ಣ ಸಣ್ಣ ಗುಳ್ಳೆ. ಒಂದು ಗುಟುಕು ಕುಡಿದವನು ನಾನೂ ಮೋಹಿತನೇ ಆಗಿಬಿಟ್ಟೆ.

ಮಾಡುವ ಲೆಕ್ಕ ಸುಲಭ. ಒಂದು ಗ್ಲಾಸಿಗೆ 45 ಮಿಲಿ ಬಿಳಿ ರಮ್, 20 ಮಿಲಿ ಲಿಂಬು ರಸ, 2 ಚಮಚ ಸಕ್ಕರೆ, 6 ಕುಡಿ ಪುದೀನಾ, ಮೇಲೆ ಸೋಡಾ. ಹಪ್ಪಳದ ಮನೆಗೆ ರಮ್ಮಿನ ಮಾತೇ ಇಲ್ಲ. ಅದನ್ನು ಬಿಟ್ಟು 16 ಜನಕ್ಕೆ ಗುಣಿಸಿದೆ. 320 ಮಿಲಿ ರಸ, 32 ಚಮಚ ಸಕ್ಕರೆ, 96 ಕುಡಿ ಪುದೀನಾ. ಬಚ್ಚಲ ನೀರು ಹರಿಯುವಲ್ಲಿ ಆಯಿ ಬೆಳೆಸಿದ ಪುದೀನಾ ಹಾಸನ್ನು ಬೆಳಿಗ್ಗೆ ಆರೂವರೆಗೆ ಬೋಳಿಸಿದೆ. ಎಣಿಸಿದರೆ 71 ಕುಡಿ. ದನ ಮೇಯ್ದು ಹೋದಂತೆ ಕಾಣುತ್ತಿತ್ತು. ಆಯಿಯೂ ಹಾಗೇ ತಿಳಿದು ಪಕ್ಕದ ಮನೆಯ ಕರುವಿಗೆ ಎರಡು ಮಾತು ಬೈದಳು. ನಾನು ಸುಮ್ಮನಿದ್ದೆ.

ಮೇ ತಿಂಗಳಲ್ಲಿ ಲಿಂಬು ತುಟ್ಟಿ. ಪೇಟೆಯವ ಹೇಳಿದ ರೇಟು ಕೇಳಿ, ಹಿತ್ತಲ ಕಂಚಿಕಾಯಿ ಸಾಕು ಎಂದುಕೊಂಡೆ. ಒಂದು ಕಂಚಿಯ ಮುಂದೆ ಐದಾರು ಲಿಂಬು ಲೆಕ್ಕಕ್ಕಿಲ್ಲ, ಅಲ್ವಾ? ಆದರೆ ಕಂಚಿಯ ಬಿಳಿ ಸಿಪ್ಪೆ ಎಂಥ ಕಹಿ ಎಂಬುದು ಗೊತ್ತಿದ್ದೂ ಮರೆತಿದ್ದೆ. ಸಕ್ಕರೆ ತಣ್ಣೀರಿನಲ್ಲಿ ಬೇಗ ಕರಗುವುದಿಲ್ಲ, ಪಾಕ ಮಾಡಿಟ್ಟುಕೊಳ್ಳಬೇಕು. ಒಲೆಯ ಮೇಲೆ ಹಲಸಿನಕಾಯಿ ಬೇಯುತ್ತಿತ್ತು, ನನ್ನ ಪಾಕಕ್ಕೆ ಜಾಗ ಸಿಗಲಿಲ್ಲ. ಪಾಕದಂತೆಯೇ ಇರುವ ಜೋನಿಬೆಲ್ಲ ಡಬ್ಬಿಯಲ್ಲಿತ್ತು. ಹಾಕಿದೆ.

ಎಡವಟ್ಟಾದದ್ದು ಜಜ್ಜುವುದರಲ್ಲಿ. ಕ್ಯೂಬಾದವರು ಪುದೀನಾವನ್ನು ಮರದ ಕೋಲಿನಿಂದ ಮೆಲ್ಲಗೆ ಒತ್ತುತ್ತಾರೆ. ಎಲೆಯ ಮೇಲ್ಮೈಯಲ್ಲೇ ಇರುವ ಎಣ್ಣೆ ಬಿಟ್ಟರೆ ಸಾಕು. ಎಲೆ ಹರಿದರೆ ಹಸಿರು ರಸ ಬಂದು ಕಹಿಯಾಗುತ್ತದೆ. ಇದನ್ನು ನಾನು ಓದಿದ್ದೆ. ಆದರೆ 71 ಕುಡಿಯನ್ನು ಮೆಲ್ಲಗೆ ಒತ್ತುತ್ತಾ ಕೂರುವ ತಾಳ್ಮೆ ಯಾರಿಗಿದೆ? ಒರಳಿಗೆ ಹಾಕಿ, ಹಲಸಿನ ಅಂಟು ಮೆತ್ತಿದ ಒನಕೆಯಿಂದ ನಾಲ್ಕು ಪೆಟ್ಟು ಕೊಟ್ಟೆ. ಪಕ್ಕದಲ್ಲಿ ಕುಟ್ಟುತ್ತಿದ್ದ ಅತ್ತಿಗೆಯ ಲಯಕ್ಕೆ ಕೈ ಹೊಂದಿಕೊಂಡು ನಾಲ್ಕು ಹೋಗಿ ನಲವತ್ತಾಯಿತು. ಸಿಕ್ಕಿದ್ದು ಚಟ್ನಿ. ಅದಕ್ಕೆ ಕಂಚಿ ರಸ, ಜೋನಿಬೆಲ್ಲ ಬಿದ್ದ ಮೇಲೆ ಬಂದ ಬಣ್ಣವನ್ನು ನಮ್ಮೂರವರಿಗೆ ಬಿಡಿಸಿ ಹೇಳಬೇಕಿಲ್ಲ. ಸಸಿ ನಡುವ ಮೊದಲು ಹೂಡಿದ ಗದ್ದೆಯಲ್ಲಿ ನಿಲ್ಲುತ್ತದಲ್ಲ, ಆ ನೀರು.

ಹನ್ನೊಂದಕ್ಕೆ ಗಾಳಿ ಬೀಸಿತು, ಎಲ್ಲೋ ಮರ ಬಿತ್ತು, ಕರೆಂಟು ಹೋಯಿತು. ಫ್ರಿಜ್ಜಿನಲ್ಲಿದ್ದ ಎರಡು ಟ್ರೇ ಐಸು ಮಧ್ಯಾಹ್ನದ ಹೊತ್ತಿಗೆ ಎರಡು ಟ್ರೇ ನೀರು.

ಆಗಲೇ ದೋಸ್ತ ದೇವಿಮನೆ ಘಟ್ಟ ಹತ್ತಿ ಬಂದ. ಕಾರಿನಿಂದ ಎರಡು ವಸ್ತು ಇಳಿದವು. ಒಂದು, ನೀರಿನ ಬಾಟ್ಲಿ. ಅದರಲ್ಲಿದ್ದದ್ದು ನೀರಲ್ಲ ಎಂದು ಕಿವಿಯಲ್ಲಿ ಹೇಳಿದ. ರಾತ್ರಿ ಅಟ್ಟದ ಮೇಲೆ ಕೂತು ನಮ್ಮಿಬ್ಬರಿಗೆ ಅಸಲಿ ಮೊಹಿತೊ. ಕಾರವಾರದಲ್ಲೇ ಬಿಲ್ಲು ಹಾಕಿಸಿ ತಂದದ್ದು, ಮಾಜಾಳಿ ಗೇಟಿನ ಆಚೆಯದ್ದಲ್ಲ ಎಂದು ಮೂರು ಸಲ ಹೇಳಿದ. ನಾನೇನು ಅಬಕಾರಿಯವನೇ? ಇನ್ನೊಂದು, ಥರ್ಮಾಕೋಲ್ ಡಬ್ಬಿ. ತುಂಬ ಐಸು, ಐಸಿನೊಳಗೆ ಹನ್ನೆರಡು ಸೋಡಾ. ಅವನನ್ನು ತಬ್ಬಿಕೊಳ್ಳಬೇಕು ಎನ್ನಿಸಿತು. ಮುಚ್ಚಳ ತೆಗೆದೆ. ಬಂಗಡೆ.

ಅವರ ಮನೆಯಲ್ಲಿ ಥರ್ಮಾಕೋಲ್ ಡಬ್ಬಿ ಎಂದರೆ ಮೀನು ತರುವ ಡಬ್ಬಿ. “ತೊಳೆದಿದ್ದೆ ಮಾರಾಯ, ಎರಡು ಸಲ” ಎಂದ. ತೊಳೆದಿರಬಹುದು. ಡಬ್ಬಿಯನ್ನು ಕೊಟ್ಟಿಗೆಯ ಹಿಂದೆ ಇಟ್ಟು, ಸೋಡಾ ಬಾಟ್ಲಿಗಳನ್ನು ಸೋಪು ಹಾಕಿ ತೊಳೆದೆವು. ಹತ್ತು ನಿಮಿಷದಲ್ಲಿ ಕೇರಿಯ ಬೆಕ್ಕೆಲ್ಲ ಡಬ್ಬಿಯ ಸುತ್ತ ಸಭೆ ಸೇರಿತ್ತು. ನಮ್ಮ ಬೆಕ್ಕು ಹುಟ್ಟಿದಾಗಿನಿಂದ ಮೊಸರನ್ನ ಉಂಡು ಬೆಳೆದದ್ದು, ಮೀನಿನ ಮುಖ ನೋಡಿದ್ದಲ್ಲ. ಅದೇ ಸಭೆಯ ಅಧ್ಯಕ್ಷ. “ಬೆಕ್ಕೆಲ್ಲಾ ಎಂತಕ್ಕೆ ಅಲ್ಲಿ ಕೂತಿದ್ದು?” ಎಂದು ಆಯಿ ಕೇಳಿದಾಗ ದೋಸ್ತ “ನೆರಳಿದೆಯಲ್ಲ ಆಯಿ” ಎಂದ.

ಐಸಿಲ್ಲದೆ ಸೋಡಾ ತಣ್ಣಗಿರುವುದು ಎಷ್ಟು ಹೊತ್ತು? ತಣ್ಣಗಿದ್ದಷ್ಟು ಹೊತ್ತು ನೀರು ಗ್ಯಾಸನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೆಚ್ಚಗಾದರೆ ಕೈಬಿಡುತ್ತದೆ. ಬೇಗ ಬೇಗ ಮಾಡಬೇಕಿತ್ತು. ಬಾರಿನಲ್ಲಿ ಏನನ್ನೋ ಡಬ್ಬಿಗೆ ಹಾಕಿ ಗಿಲಕಿಯ ಹಾಗೆ ಅಲ್ಲಾಡಿಸುವುದನ್ನು ನೋಡಿದ್ದೆನಲ್ಲ, ಮಿಡಿ ಉಪ್ಪಿನಕಾಯಿ ಖಾಲಿಯಾದ ಬಾಟ್ಲಿ ತಂದು, ಕಷಾಯದಂಥ ಆ ರಸ ಹಾಕಿ, ಸೋಡಾ ಸುರಿದು, ಮುಚ್ಚಳ ಬಿಗಿದು ಅಲ್ಲಾಡಿಸಿದೆ. ಮೊಹಿತೊವನ್ನು ಹಾಗೆ ಅಲ್ಲಾಡಿಸುವುದಿಲ್ಲ. ಬೇರೆ ಏನನ್ನಾದರೂ ಅಲ್ಲಾಡಿಸುವುದಾದರೂ ಸೋಡಾ ಹಾಕುವುದು ಆಮೇಲೆ. ಇದನ್ನು ನನಗೆ ಮುಚ್ಚಳವೇ ಕಲಿಸಿತು. ಅದು ಅಟ್ಟದ ಹಲಗೆಗೆ ಬಡಿದು, ನಾಗಂದಿಗೆಯ ಮೇಲಿನ ಚೊಂಬು ಉರುಳಿಸಿ, ಮಾವನ ಕಾಲಬುಡದಲ್ಲಿ ಬಿತ್ತು. ಮಾವನ ಬಿಳಿ ಪಂಚೆ ಹಸಿರಾಯಿತು. ಬಾಯಲ್ಲಿ ಕವಳ ಇದ್ದದ್ದರಿಂದ “ಊಂ! ಊಂ!” ಎಂದಷ್ಟೇ ಹೇಳಿದರು. ಉಗುಳಿ ಬಂದು ಬೈಯುವಷ್ಟರಲ್ಲಿ ನಾನು ಅಂಗಳದಲ್ಲಿದ್ದೆ.

ಅಂಗಳದಲ್ಲಿ ಚಾಪೆಯ ಮೇಲೆ ಚಾಪೆ ಹಾಸಿ ಹಪ್ಪಳ ಒಣಗಿಸಿದ್ದರು. ನಾನೂರಕ್ಕೆ ಕಡಿಮೆಯಿಲ್ಲ. ಹೆಂಗಸರೆಲ್ಲ ಸೋಗೆ ಚಪ್ಪರದ ಕೆಳಗೆ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. ಅಲ್ಲಾಡಿಸದೇ ಉಳಿದ ಅರ್ಧ ರಸವನ್ನು ಹದಿನಾರು ಸ್ಟೀಲ್ ಲೋಟಕ್ಕೆ ಹಂಚಿ, ಮೇಲಿಂದ ಸೋಡಾ ಹೊಯ್ದೆ. ಗುಳ್ಳೆ ಬಂತು. ಸತ್ಯವಾಗಿ ಬಂತು! ದೋಸ್ತ ಚಪ್ಪಾಳೆ ತಟ್ಟಿದ. ಇನ್ನೇನು ಕೈಗೆ ಕೊಡಬೇಕು, ಲೋಟದೊಳಗೆ ಟಪ್ ಎಂದು ಒಂದು ದಪ್ಪ ಹನಿ.

“ಮಳೆ! ಹಪ್ಪಳ ಎತ್ರೋ!”

ಆಮೇಲೆ ಯಾರಿಗೆ ಯಾರೂ ಇಲ್ಲ. ಮಾವ ಹಸಿರು ಪಂಚೆ ಮೇಲೆ ಕಟ್ಟಿ ಚಾಪೆಯ ಒಂದು ತುದಿ ಹಿಡಿದರೆ ಇನ್ನೊಂದು ತುದಿ ದೋಸ್ತನ ಕೈಯಲ್ಲಿ. ಮುಕ್ಕಾಲು ಗಂಟೆ ಅಡ್ಡಮಳೆ ಹೊಡೆಯಿತು. ಹಪ್ಪಳ ಉಳಿಯಿತು. ಲೋಟಗಳು ಚಪ್ಪರದ ಕೆಳಗೇ ಇದ್ದವು, ಆದರೆ ಸೋಗೆ ಸೋರುವುದು ಸೋಗೆಯ ಹಕ್ಕು. ನಾನು ಮರಳಿ ಬಂದಾಗ ಪ್ರತಿ ಲೋಟದಲ್ಲೂ ಒಂದೊಂದು ಬೆರಳು ಮಳೆನೀರು ಹೆಚ್ಚಾಗಿತ್ತು. ಗುಳ್ಳೆ ಒಂದೂ ಇರಲಿಲ್ಲ. ಆಚೆಮನೆ ಅಜ್ಜಿ ಒಂದು ಗುಟುಕು ಕುಡಿದು, ಬಹಳ ಹೊತ್ತು ಯೋಚಿಸಿ, “ಎಂತಕ್ಕೆ ಕೊಟ್ಟ ಔಷಧಿ ಇದು? ಹೊಟ್ಟೆನೋವಿಗಾ?” ಎಂದು ಕೇಳಿದಳು.

ಆಯಿ ಮಾತಾಡಲಿಲ್ಲ. ಲೋಟಗಳನ್ನೆಲ್ಲ ಪಾತ್ರೆಗೆ ಬಗ್ಗಿಸಿದಳು, ಸೋಸಿದಳು. ಜರಡಿಯಲ್ಲಿ ಉಳಿದ ಚರಟವನ್ನು ಒರಳಿಗೆ ಹಾಕಿ, ಕಾಯಿತುರಿ, ತುಪ್ಪದಲ್ಲಿ ಹುರಿದ ಜೀರಿಗೆ, ನಾಲ್ಕು ಕಾಳುಮೆಣಸು ಸೇರಿಸಿ ಬೀಸಿದಳು. ಮಜ್ಜಿಗೆ, ಉಪ್ಪು. ಸೋಸಿದ ನೀರನ್ನು ದನದ ಬಾನಿಗೆ ಹೊಯ್ದಳು. ಬೆಲ್ಲದ ಆಸೆಗೆ ದನ ಕುಡಿಯಿತು, ಅದೊಂದು ಸಮಾಧಾನ. ರಾತ್ರಿ ಚಿಮಣಿ ದೀಪದಲ್ಲಿ ಕೂತು ಎಲ್ಲರೂ ಕ್ಯೂಬಾವನ್ನು ಅನ್ನಕ್ಕೆ ಕಲಸಿಕೊಂಡು ಉಂಡೆವು. ಪಂಚೆ ಬದಲಿಸಿಕೊಂಡು ಬಂದಿದ್ದ ಮಾವ ಎರಡನೇ ಸಲ ಹಾಕಿಸಿಕೊಂಡು, “ತಂಬುಳಿ ಚೊಲೋ ಆಯ್ದು. ಇದಕ್ಕೆ ಎಂತ ಹೆಸರು ಹೇಳಿದ್ದೆ ತಮಾ?” ಎಂದರು.

ಉಂಡ ಮೇಲೆ ದೋಸ್ತ ನನ್ನನ್ನು ತಿವಿದು ಅಟ್ಟದ ಕಡೆ ಕಣ್ಣು ಮಾಡಿದ. ಬಾಟ್ಲಿ ಇಟ್ಟಿದ್ದ ಕಿಟಕಿಗೆ ಹೋಗಿ ಕೈಯಾಡಿಸಿದೆವು. ಬಾಟ್ಲಿ ಅಲ್ಲೇ ಇತ್ತು. ತೊಳೆದು, ಒಳಗೆ ಮಜ್ಜಿಗೆ ತುಂಬಿಸಿಟ್ಟಿತ್ತು. “ನಾಳೆ ಘಟ್ಟ ಇಳಿವಾಗ ಆಸರಿ ಆಗ್ತಲೋ, ಅದಕ್ಕೆ” ಎಂದು ಒಳಗಿನಿಂದ ಆಯಿಯ ದನಿ ಬಂತು. ದೋಸ್ತ ಬಹಳ ಹೊತ್ತು ಆ ಬಾಟ್ಲಿಯನ್ನೇ ನೋಡುತ್ತಾ ನಿಂತಿದ್ದ. ಇದ್ದದ್ದು ಎಲ್ಲಿಗೆ ಹೋಯಿತು ಎಂದು ಕೇಳುವ ಧೈರ್ಯ ಇಬ್ಬರಿಗೂ ಆಗಲಿಲ್ಲ.

ಮೊನ್ನೆ ಊರಿಂದ ಫೋನು ಬಂತು. ಹಪ್ಪಳ ಚೆನ್ನಾಗಿ ಒಣಗಿದೆಯಂತೆ, ಪುದೀನಾ ಮತ್ತೆ ಚಿಗುರಿದೆಯಂತೆ.

“ಆದ್ರೆ ಬಿಳಿ ಆಂಥೂರಿಯಂ ಒಂದು ಬಾಡಿ ಮಲಗಿದ್ದು ತಮಾ. ಕಿಟಕಿ ಮೇಲಿನ ಬಾಟ್ಲಿ ನೀರು ಹಳಸಿದ ವಾಸನೆ ಬಂತು, ಚೆಲ್ಲೋದೆಂತಕ್ಕೆ ಹೇಳಿ ಅದರ ಬುಡಕ್ಕೆ ಹಾಕಿದ್ದಿ. ನಿನ್ನ ದೋಸ್ತ ಯಾವ ಬಾವಿ ನೀರು ತಂದಿದ್ದನೇನ?”

“ಸಮುದ್ರದ ಬದಿಯಲ್ವಾ ಆಯಿ,” ಎಂದೆ. “ನೀರು ಸ್ವಲ್ಪ ಉಪ್ಪು.”