ಲಿಥಿಯಂ ಅನ್ನು 'ಬಿಳಿ ಚಿನ್ನ' ಅನ್ನಬೇಡಿ

ಲಿಥಿಯಂ ಅನ್ನು 'ಬಿಳಿ ಚಿನ್ನ' ಅಂತ ಕರೆಯುವುದನ್ನು ಕಂಡಾಗಲೆಲ್ಲ ಸಂಕಟವಾಗುತ್ತದೆ. ಚಿನ್ನವನ್ನು ಯಾರಾದರೂ ಕಸಕ್ಕೆ ಎಸೆಯುತ್ತಾರಾ? ಹಳೇ ಬಳೆ ಕರಗಿ ಸರವಾಗುತ್ತದೆ. ಇಯರ್‌ಬಡ್ ಕೆಟ್ಟರೆ ಮಾತ್ರ ಒಳಗಿನ ಲಿಥಿಯಂ ಬ್ಯಾಟರಿ ಸಮೇತ ಕಸದ ಬುಟ್ಟಿಗೆ.

ಕಾಲೇಜಿನ ಲ್ಯಾಬಿನಲ್ಲಿ ಮೇಷ್ಟ್ರು ಒಮ್ಮೆ ಲಿಥಿಯಂ ತುಂಡನ್ನು ಚಾಕುವಿನಲ್ಲಿ ಕೊಯ್ದು ತೋರಿಸಿದ್ದರು. ಕೊಯ್ದ ಜಾಗ ಬೆಳ್ಳಿಯಂತೆ ಹೊಳೆದು, ನೋಡನೋಡುತ್ತಲೇ ಮಂಕಾಯಿತು. ಸುಲಭಕ್ಕೆ ಯಾರ ಜೊತೆಗೂ ಬೆರೆಯದ ಸಾರಜನಕವನ್ನೂ ಅದು ಬಿಡುವುದಿಲ್ಲ. ಸೀಮೆಎಣ್ಣೆಯಲ್ಲೂ ತೇಲುವಷ್ಟು ಹಗುರ. ಇಂಥದ್ದು ಭೂಮಿಯಲ್ಲಿ ಒಂಟಿಯಾಗಿ ಸಿಗುವ ಮಾತೇ ಇಲ್ಲ. 1817ರಲ್ಲಿ ರಸಾಯನಶಾಸ್ತ್ರಜ್ಞ ಅರ್ಫ್ವೆಡ್ಸನ್ ಅದನ್ನು ಪತ್ತೆ ಹಚ್ಚಿದ್ದೂ ಸ್ವೀಡನ್ನಿನ ಪೆಟಲೈಟ್ ಕಲ್ಲಿನಲ್ಲಿ. ಹೆಸರು ಬಂದದ್ದೂ ಗ್ರೀಕಿನ 'ಲಿಥೋಸ್'ನಿಂದ, ಅಂದರೆ ಕಲ್ಲು.

ಆ ಕಲ್ಲಿನಿಂದ ಅದನ್ನು ಬಿಡಿಸುವ ಪಾಡು ನೋಡಿ. ಪಶ್ಚಿಮ ಆಸ್ಟ್ರೇಲಿಯಾದ ಗ್ರೀನ್‌ಬುಶಸ್‌ನಲ್ಲಿ ಅಗೆಯುವುದು ಸ್ಪೋಡುಮಿನ್ ಎಂಬ, ಲಿಥಿಯಂ ಇರುವ ಇನ್ನೊಂದು ಖನಿಜವನ್ನು. ಅಪ್ಪಟ ಸ್ಪೋಡುಮಿನ್‌ನಲ್ಲೂ ಲಿಥಿಯಂ ತೂಕದಲ್ಲಿ ಶೇ 4ರಷ್ಟೂ ಇಲ್ಲ. 1,000 ಡಿಗ್ರಿ ಸೆಲ್ಸಿಯಸ್ ದಾಟುವವರೆಗೆ ಹುರಿದರೆ ಹರಳು ಹಿಗ್ಗಿ ಸಡಿಲಾಗುತ್ತದೆ. ಆಮೇಲೆ ಗಂಧಕಾಮ್ಲ ಬೆರೆಸಿ ಮತ್ತೆ ಕಾಯಿಸಬೇಕು, ಲಿಥಿಯಂ ಅಂಶವನ್ನು ನೀರಿನಲ್ಲಿ ಕರಗಿಸಿಕೊಳ್ಳಬೇಕು, ಕಲ್ಮಶ ತೆಗೆಯಬೇಕು. ಚಿಲಿಯ ಅಟಕಾಮಾದಲ್ಲಿ ಈ ಹುರಿಯುವ ಕೆಲಸವಿಲ್ಲ. ಲಿಥಿಯಂ ಕರಗಿರುವ ನೆಲದಡಿಯ ಉಪ್ಪುನೀರನ್ನು ಕೊಳಗಳಿಗೆ ಎತ್ತಿ, ವರ್ಷಕ್ಕೂ ಹೆಚ್ಚು ಕಾಲ ಬಿಸಿಲಿಗೆ ಬಿಡುತ್ತಾರೆ. ಮಳೆಯೇ ಅಪರೂಪವಾದ ಮರುಭೂಮಿ ಅದು. ಆವಿಯಾದ ನೀರು ಅಲ್ಲಿಗೆ ವಾಪಸ್ ಬರುವುದಿಲ್ಲ.

ಬ್ಯಾಟರಿಗೂ ಮುಂಚೆ ಲಿಥಿಯಂ ದುಡಿಯುತ್ತಿತ್ತು. ಬೇರಿಂಗಿನ ಗ್ರೀಸ್, ಬಿಸಿಗೆ ಬಿರುಕು ಬಿಡದ ಒಲೆಯ ಗಾಜು, 1949ರಲ್ಲಿ ಮನೋವೈದ್ಯ ಜಾನ್ ಕೇಡ್ ಪ್ರಕಟಿಸಿದ ಮೇನಿಯಾ ಎಂಬ ಮನೋರೋಗದ ಚಿಕಿತ್ಸೆ, ಅಪೊಲೊ ನೌಕೆಯೊಳಗೆ ಗಗನಯಾತ್ರಿಗಳ ಉಸಿರಿನ ಇಂಗಾಲದ ಡೈಆಕ್ಸೈಡ್ ಹೀರುತ್ತಿದ್ದ ಡಬ್ಬಿ. 1991ರಲ್ಲಿ ಸೋನಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದ ಮೇಲೆ ಇವೆಲ್ಲ ಮೆಲ್ಲಗೆ ಹಿಂದೆ ಸರಿದವು.

ಗ್ರೀಸಿನಲ್ಲಿ ಹೋದದ್ದು ಹೋಯಿತು, ಒರೆಸಿ ತರಲಾಗದು. ಬ್ಯಾಟರಿಯಲ್ಲಿ ಹಾಗಲ್ಲ, ಡಬ್ಬಿಯೊಳಗೆ ಭದ್ರವಾಗಿರುತ್ತದೆ. ಹಾಗಿದ್ದೂ ಕಳೆದುಕೊಳ್ಳುತ್ತೇವೆ. ಹಳೇ ಬ್ಯಾಟರಿಗಳನ್ನು ಕುಲುಮೆಯಲ್ಲಿ ಕರಗಿಸಿದರೆ ಕೋಬಾಲ್ಟ್, ನಿಕಲ್ ಕೈಗೆ ಸಿಗುತ್ತವೆ, ಲಿಥಿಯಂ ಹೆಚ್ಚಾಗಿ ಕಿಟ್ಟದ ಪಾಲು. ಆಮ್ಲದಲ್ಲಿ ಕರಗಿಸಿ ಬೇರ್ಪಡಿಸಿದರೆ ಅದೂ ಉಳಿಯುತ್ತದೆ. ಯುರೋಪಿಯನ್ ಒಕ್ಕೂಟ 2023ರಲ್ಲಿ ಇದಕ್ಕೆ ಕಾನೂನೇ ಮಾಡಿತು: ಮರುಬಳಕೆಗೆ ಬಂದ ಬ್ಯಾಟರಿಯ ಲಿಥಿಯಂನಲ್ಲಿ 2027ರ ಕೊನೆಗೆ ಶೇ 50, 2031ರ ಕೊನೆಗೆ ಶೇ 80 ವಾಪಸ್ ಸಿಗಬೇಕು. ಎಲ್ಲ ದೇಶಗಳಿಗೂ ಇಂಥ ಕಾನೂನು ಬೇಕು ಅನ್ನುವವಳು ನಾನು. ಅದಕ್ಕೂ ಮೊದಲು, ಅಂಟು ಹಾಕಿ ಮುಚ್ಚಿದ ಇಯರ್‌ಬಡ್‌ನಿಂದ ಬ್ಯಾಟರಿಯನ್ನು ಬಿಚ್ಚಲು ಬರುವಂತೆ ಮಾಡಿ.