ಓಡದ ರೆಕಾರ್ಡಿಗೆ ಇಷ್ಟು ಮರ್ಯಾದೆಯೇ?

ನಾನು ಅಮೆರಿಕದ ಮೆಂಫಿಸ್‌ಗೆ ಬಂದು ಹನ್ನೊಂದು ವರ್ಷ ಆಯಿತು. ಈ ಊರಿನ ಹೆಸರೆತ್ತಿದರೆ ಸಾಕು, ಎಲ್ಲರೂ ಗಾಯಕ ಎಲ್ವಿಸ್ ಹೆಸರು ಹೇಳ್ತಾರೆ. ಬಿಗ್ ಸ್ಟಾರ್ ಅನ್ನುವ ಬ್ಯಾಂಡೂ ಇಲ್ಲಿಯದೇ ಅಂತ ನನಗೆ ಗೊತ್ತಾಗಿದ್ದು ಪಕ್ಕದ ಮನೆಯ ಹಿರಿಯರಿಂದ. ಮನೆ ಖಾಲಿ ಮಾಡುವಾಗ ಒಂದು ದಪ್ಪ ಪೆಟ್ಟಿಗೆ ಕೈಗಿಟ್ಟು, "ನಿಧಾನವಾಗಿ ಕೇಳು" ಅಂದು ಹೋದರು. ಬಿಗ್ ಸ್ಟಾರ್ ಹಾಡುಗಳ, 2009ರಲ್ಲಿ ಬಂದ ಸಂಕಲನ ಅದು. ನಾಲ್ಕು ಸಿಡಿ, ಜೊತೆಗೆ ಒಂದು ಪುಸ್ತಕ.

ಹುಡುಗರು ಬ್ಯಾಂಡಿಗೆ ಹೆಸರಿಟ್ಟಿದ್ದು ಸ್ಟುಡಿಯೋ ಹತ್ತಿರದ ದಿನಸಿ ಅಂಗಡಿಯ ಬೋರ್ಡು ನೋಡಿ. 1972ರ ಮೊದಲ ಆಲ್ಬಮ್ಮಿಗೆ 'ನಂಬರ್ 1 ರೆಕಾರ್ಡ್' ಅಂತ ಹೆಸರಿಟ್ಟರು. ಧೈರ್ಯ ನೋಡಿ! ಬೀಟಲ್ಸ್ ತರಹದ ರಾಗ, ಗಣಗಣ ಅನ್ನುವ ಗಿಟಾರು, ಮೂರು ನಾಲ್ಕು ನಿಮಿಷಕ್ಕೆ ಮುಗಿಯುವ ಹಾಡು. ಈ ಬಗೆಗೆ ಪವರ್ ಪಾಪ್ ಅಂತಾರೆ. ಸೋಲ್, ಬ್ಲೂಸ್ ಹಾಡುವ ಊರಲ್ಲಿ ಕೂತು ಇದನ್ನು ಮಾಡಿದರು. ವಿಮರ್ಶಕರು ಹೊಗಳಿದರು. ಆದರೆ ಅದನ್ನು ಓದಿ ಅಂಗಡಿಗೆ ಹೋದವರಿಗೆ ರೆಕಾರ್ಡೇ ಸಿಗಲಿಲ್ಲ. ಹಂಚಬೇಕಿದ್ದ ಸ್ಟ್ಯಾಕ್ಸ್ ಕಂಪನಿಯ ವ್ಯವಸ್ಥೆಯೇ ಹದಗೆಟ್ಟಿತ್ತು. 1974ರ ಎರಡನೆಯದಕ್ಕೂ ಅದೇ ಗತಿ. ಮೂರನೆಯದು ರೆಕಾರ್ಡ್ ಆಗಿ ಹೊರಬರಲು 1978 ಆಯಿತು. ಅಷ್ಟರಲ್ಲಿ ಬ್ಯಾಂಡೇ ಇರಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ, ಬ್ಯಾಂಡು ಕಟ್ಟಿದವರಲ್ಲಿ ಒಬ್ಬನಾದ ಕ್ರಿಸ್ ಬೆಲ್ ಕಾರು ಅಪಘಾತದಲ್ಲಿ ತೀರಿಕೊಂಡ. ಇಪ್ಪತ್ತೇಳು ವಯಸ್ಸು.

ಇಷ್ಟು ಸೋತ ಬ್ಯಾಂಡಿಗೆ ಇಷ್ಟು ದಪ್ಪ ಪೆಟ್ಟಿಗೆ! ಕಚ್ಚಾ ರೆಕಾರ್ಡಿಂಗುಗಳನ್ನೂ ಬಿಟ್ಟಿಲ್ಲ. ಪುಸ್ತಕದಲ್ಲಿ ಕಥೆಯನ್ನೆಲ್ಲ ಹುಡುಕಿ ಬರೆದಿದ್ದಾರೆ. ಆ ಬರಹಕ್ಕೆ 2011ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು. ಹಾಡಿದವರಿಗೆ ಬರದ ಗ್ರ್ಯಾಮಿ, ಅವರ ಬಗ್ಗೆ ಬರೆದವರಿಗೆ! ನಗು ಬರುತ್ತೆ, ಸ್ವಲ್ಪ ಹೊಟ್ಟೆಯೂ ಉರಿಯುತ್ತೆ.

ಹೊಟ್ಟೆ ಉರಿಯೋದು ಯಾಕೆ ಅಂದರೆ, ನಮ್ಮಲ್ಲಿ ಹಳೆಯದು ಮತ್ತೆ ಬರಬೇಕಾದರೆ ಅದು ಮೊದಲೇ ಗೆದ್ದಿರಬೇಕು. 'ಸೂಪರ್ ಹಿಟ್ಸ್' ಅಂತ ಹೆಸರಿಟ್ಟು, ಮೇಲೊಬ್ಬ ನಾಯಕನ ಫೋಟೋ ಹಾಕಿದರೆ ಆಯಿತು. ಗಿಟಾರು ಯಾರು ನುಡಿಸಿದರು ಅಂತ ಯಾರು ಕೇಳುತ್ತಾರೆ? ಜಿ.ಕೆ. ವೆಂಕಟೇಶ್ ಅವರ ತಂಡದಲ್ಲಿ ಗಿಟಾರು ಹಿಡಿದು, ಸಹಾಯಕರಾಗಿಯೂ ಇದ್ದವರು ಇಳಯರಾಜಾ. ನಮಗೆ ಇದು ಗೊತ್ತಿರೋದು ಅವರು ಆಮೇಲೆ ಇಳಯರಾಜಾ ಆದರು ಅಂತ. ಆಗದೇ ಉಳಿದವರ ಕಥೆ? ಮೊನ್ನೆ ಒಂದು ಆ್ಯಪ್‌ನಲ್ಲಿ ಹಳೆಯ ಕನ್ನಡ ಹಾಡು ಹಾಕಿದೆ. ಸಂಗೀತ ನಿರ್ದೇಶಕರ ಹೆಸರೇ ತಪ್ಪು.

ಹಾಗಂತ ಇಲ್ಲಿಯವರದ್ದೆಲ್ಲ ಬಂಗಾರ ಅಂತ ನಾನು ಹೇಳಲ್ಲ. ಒಂದೇ ಹಾಡಿನ ಧ್ವನಿಯನ್ನು ಅಷ್ಟಿಷ್ಟು ಬದಲಿಸಿ ಮೂರು ಸಲ ಮಾರೋದು ಸುಮ್ನೆ ಜೇಬಿಗೆ ಕೈ ಹಾಕಿದ ಹಾಗೆ. ಅದಕ್ಕಿಂತ ಜಾಸ್ತಿ ಕಾಡಿದ್ದು ಬೇರೆ. ಬಿಗ್ ಸ್ಟಾರ್ ಹಾಡನ್ನು ನನ್ನ ಆಫೀಸಿನಲ್ಲಿ ಒಬ್ಬರಾದರೂ ಗುನುಗಿದ್ದು ನಾನು ಕೇಳಿಲ್ಲ. ಇಂಗ್ಲೆಂಡಿನಲ್ಲಿ ಅವರ ಮೊದಲ ಎರಡು ಆಲ್ಬಮ್‌ಗಳನ್ನು ಜೋಡಿಸಿ ಮತ್ತೆ ತಂದದ್ದು 1978ರಲ್ಲಿ. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಕ್ಯಾಸೆಟ್ ಬಂದದ್ದೂ ಅದೇ ವರ್ಷ. ಅದಕ್ಕೆ ದಪ್ಪ ಪೆಟ್ಟಿಗೆ ಬೇಕಾಗಲೇ ಇಲ್ಲ. ಪ್ರತಿ ನವೆಂಬರಿನಲ್ಲಿ ಇಲ್ಲಿನ ನಮ್ಮ ಮಕ್ಕಳು ಅಮೆರಿಕದ ಉಚ್ಚಾರಣೆಯಲ್ಲೇ ಅದನ್ನು ಹಾಡುತ್ತಾರೆ. ಬಾಯಿಂದ ಬಾಯಿಗೆ ಹೋಗುವ ಹಾಡು ಹೇಗೋ ಉಳಿಯುತ್ತೆ. ಅದರ ಹಿಂದೆ ಕೂತು ನುಡಿಸಿದವರ ಹೆಸರು ಉಳಿಯಲ್ಲ, ಅಲ್ವಾ? ಅದಕ್ಕೆ ಕಾಗದವೇ ಬೇಕು.

ಪೆಟ್ಟಿಗೆ ಕೇಳಿ ಮುಗಿಸಿದ ದಿನ ದಾವಣಗೆರೆಗೆ ಫೋನ್ ಮಾಡಿದೆ. ಅಪ್ಪನ ಹಳೆಯ ಚಿತ್ರಗೀತೆ ಕ್ಯಾಸೆಟ್ಟಿನ ಒಳಚೀಟಿ ಓದಿ ಹೇಳಮ್ಮ, ಕೊಳಲು ಯಾರದ್ದು ಅಂತ ನೋಡು ಅಂದೆ. ಅಮ್ಮ ಕನ್ನಡಕ ಹುಡುಕಿ, ಎರಡೂ ಕಡೆ ತಿರುಗಿಸಿ ಓದಿದರು. ಗಾಯಕರು, ಸಾಹಿತ್ಯ, ಸಂಗೀತ, ಬೆಲೆ.

"ಕೊಳಲಿನವರದ್ದು ಹಾಕಿಲ್ಲ ಕಣೋ. ಪಾಪ, ಎಷ್ಟು ಚೆನ್ನಾಗಿ ಊದಿದಾರೆ."