ಎರಡು ಗುಂಡಿ ಶೌಚಾಲಯ: ಒಂದು ಸ್ಪಷ್ಟನೆ

‘ಎರಡೂ ಗುಂಡಿಗಳಿಗೆ ಒಟ್ಟಿಗೆ ನೀರು ಬಿಟ್ಟರೆ ಬೇಗ ತುಂಬುವುದಿಲ್ಲ’ ಎಂಬ ಸಲಹೆ ಮೊಬೈಲ್‌ಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು, ಅಪಾಯಕಾರಿ ಕೂಡ. ಒಂದು ಸಲಕ್ಕೆ ಒಂದೇ ಗುಂಡಿ ಬಳಕೆಯಲ್ಲಿರಬೇಕು. ಅದು ತುಂಬಿದಾಗ ಕವಲು ತೊಟ್ಟಿಯಲ್ಲಿ (ಶೌಚಾಲಯದ ಕೊಳವೆ ಎರಡು ಗುಂಡಿಗಳ ಕಡೆಗೆ ಕವಲೊಡೆಯುವ ಸಣ್ಣ ತೊಟ್ಟಿ) ದಾರಿ ಬದಲಿಸಿ, ಮೊದಲನೆಯದನ್ನು ಮುಚ್ಚಿ ಕನಿಷ್ಠ ಒಂದು ವರ್ಷ, ಸಾಧ್ಯವಾದರೆ ಎರಡು ವರ್ಷ ಹಾಗೆಯೇ ಬಿಡಬೇಕು. ಆಗ ಮಲ ಕಳಿತು ಬಹುಪಾಲು ರೋಗಾಣುಗಳು ಸಾಯುತ್ತವೆ. ಸಿಗುವುದು ವಾಸನೆಯಿಲ್ಲದ ಗೊಬ್ಬರ. ಎರಡನ್ನೂ ಒಟ್ಟಿಗೆ ತುಂಬಿಸಿದರೆ ಹಸಿ ಮಲವನ್ನೇ ಎತ್ತಿಸಬೇಕಾಗುತ್ತದೆ. ಆ ಕೆಲಸಕ್ಕೆ ಮನುಷ್ಯನನ್ನು ಇಳಿಸಬೇಡಿ, ದಯವಿಟ್ಟು. ಮಲ ಹೊರುವ ಪದ್ಧತಿಯನ್ನು ತಡೆಯುವ 2013ರ ಕೇಂದ್ರ ಕಾಯ್ದೆ ಅದನ್ನು ನಿಷೇಧಿಸಿದೆ.

ಸೆಪ್ಟಿಕ್ ಟ್ಯಾಂಕ್ ಬೇರೆಯೇ ವ್ಯವಸ್ಥೆ. ಅದರ ತಳ ಸೋರಬಾರದು. ಹೊರಬರುವ ನೀರು ತಿಳಿಯಾಗಿ ಕಂಡರೂ ಶುದ್ಧವಲ್ಲ. ಅದು ಚರಂಡಿಗಲ್ಲ, ಇಂಗುಗುಂಡಿಗೆ ಹೋಗಬೇಕು, ಬಾವಿಯಿಂದ ದೂರದಲ್ಲಿ.